ಮ್ಯಾಚ್ ಕಟ್, ವೈಫೈ ಗೋಳು: 4ನೇ ಕ್ರಾಸ್ ಗುಂಪು

ಮನೆ 14 (ರಾತ್ರಿ 11:47): ಸಾಕಾಯಿತು ನನಗೆ. ಸರಿಯಾಗಿ ಕೊನೆ ಓವರ್‌ಗೆ ಟಿವಿ ನಿಂತುಹೋಯಿತು. ಬರೀ ಚಕ್ರ ತಿರುಗುತ್ತಿದೆ. ಹಿಂದಿನ ರಸ್ತೆಯವರು ಪಟಾಕಿ ಹೊಡೆದ ಮೇಲೆ ಗೆದ್ದದ್ದು ಗೊತ್ತಾಯಿತು. ಊರಿಂದ ಅಪ್ಪ ಬಂದಿದ್ದಾರೆ, ಅವರ ಮುಂದೆ ಮಾನ ಹೋಯಿತು. ಎಲ್ಲರೂ ಸೇರಿ ಒಳ್ಳೆ ರೂಟರ್ ತಗೊಳ್ಳೋಣ. ಹತ್ತು ಮನೆಯಾದರೆ ಅಂಗಡಿಯವರು ರೇಟ್ ಇಳಿಸುತ್ತಾರೆ. ಯಾರ್‍ಯಾರು ಬರುತ್ತೀರಿ?

ಮನೆ 9: ನಮ್ಮದೂ ಅದೇ ಕಥೆ. ಮಗಳು ವಿಡಿಯೊ ಕಾಲ್ ಮಾಡಿದರೆ ಬಾಯಿ ಮಾತ್ರ ಆಡುತ್ತದೆ, ಮಾತು ಕೇಳಿಸಲ್ಲ.

ಮನೆ 3, ಕಾರ್ಯದರ್ಶಿ: ಇದಕ್ಕೆಲ್ಲ ಕಾರಣ 11ನೇ ಮನೆಯ ಕಟ್ಟಡದ ಕೆಲಸ. ಜೆಸಿಬಿ ತಂದು ಕೇಬಲ್ ಕಿತ್ತರು. ಆವತ್ತೇ ಹೇಳಿದ್ದೆ, ಯಾರೂ ಕೇಳಲಿಲ್ಲ.

ಮನೆ 11: ಸರ್, ಕಿತ್ತುಹೋಗಿದ್ದು ನೀರಿನ ಪೈಪು. ಅದೇ ವಾರ ಸರಿ ಮಾಡಿಸಿದ್ದೇವೆ. ಇಂಟರ್ನೆಟ್‌ನ ಫೈಬರ್ ಕೇಬಲ್ ಎಳೆದಿರುವುದು ಕಂಬದ ಮೇಲೆ.

ಮನೆ 3, ಕಾರ್ಯದರ್ಶಿ: ಪೈಪಿನ ಮೂರು ದಿನದ ಟ್ಯಾಂಕರ್ ದುಡ್ಡು ಯಾರು ಕೊಟ್ಟರು? ಸಂಘ.

ಮನೆ 6, ಮಹಡಿ: ಅಂಕಲ್, ಫೈಬರ್ ತುಂಡಾಗಿದ್ದರೆ ಬಾಕ್ಸ್‌ನಲ್ಲಿ ಕೆಂಪು ದೀಪ ಬರುತ್ತದೆ. 14ರ ಅಣ್ಣ, ನಿಮ್ಮ ರೂಟರ್ ಎಲ್ಲಿಟ್ಟಿದ್ದೀರಿ?

ಮನೆ 14: ಕೆಳಗೆ, ಮೀಟರ್ ಬೋರ್ಡ್ ಪಕ್ಕ. ಟಿವಿ ಮೇಲಿನ ಹಾಲ್‌ನಲ್ಲಿ. ಕೆಂಪು ದೀಪ ಇರಲಿಲ್ಲ.

ಮನೆ 6, ಮಹಡಿ: ಅದೇ ನೋಡಿ. ವೈಫೈಗೆ ಎರಡು ಸಿಗ್ನಲ್. ವೇಗದ 5 ಗಿಗಾಹರ್ಟ್ಸ್ ಸಿಗ್ನಲ್ ಸ್ಲ್ಯಾಬ್ ದಾಟುವಷ್ಟರಲ್ಲಿ ಸೊರಗುತ್ತದೆ. ಆಗ ಟಿವಿ ನಿಧಾನದ 2.4 ಗಿಗಾಹರ್ಟ್ಸ್‌ಗೆ ಇಳಿಯುತ್ತದೆ. ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್, ಅಂದರೆ ಸಿಗ್ನಲ್ ಓಡುವ ದಾರಿ, ಇರುವುದೇ ಮೂರು: 1, 6, 11. ಈಗಷ್ಟೇ ಫೋನಿನಲ್ಲಿ ಸ್ಕ್ಯಾನ್ ಮಾಡಿದೆ. ನಮ್ಮ ಸಾಲಿನ ಅರ್ಧಕ್ಕರ್ಧ ಮನೆಗಳ ವೈಫೈ ಚಾನೆಲ್ 6ರಲ್ಲೇ ಇವೆ. ಎಲ್ಲರೂ ದೊಡ್ಡ ರೂಟರ್ ತಂದು ಅದೇ ಚಾನೆಲ್‌ಗೆ ಹಾಕಿದರೆ ಗದ್ದಲ ಇನ್ನೂ ಜಾಸ್ತಿ. ಮೊದಲು ಮನೆಮನೆ ಚಾನೆಲ್ ಹಂಚಿಕೊಳ್ಳೋಣ. ಖರ್ಚೇ ಇಲ್ಲ. ಟಿವಿಗೆ ಆದರೆ ರೂಟರ್‌ನಿಂದ ನೇರ ಕ್ಯಾಟ್ 6 ಇಂಟರ್ನೆಟ್ ವೈರ್ ಎಳೆಸಿ. 4ಕೆ ಚಿತ್ರಕ್ಕೂ 25 ಎಂಬಿಪಿಎಸ್ ವೇಗ ಇದ್ದರೆ ಸಾಕು.

ಮನೆ 17: 9ರ ಮೇಡಂ ವೈಫೈ ಹೆಸರು "ನಿಮ್ಮದು ನೀವು ಹಾಕಿಸಿಕೊಳ್ಳಿ". ಅವರು ಚಾನೆಲ್ ಹಂಚಿಕೊಳ್ಳುತ್ತಾರಾ? ಹಹಹ

ಮನೆ 9: ಅದು ನಮ್ಮ ಮಗ ಇಟ್ಟಿದ್ದು.

ಮನೆ 8: *ಫಾರ್ವರ್ಡ್* ಬೆಳಿಗ್ಗೆ ಎದ್ದ ತಕ್ಷಣ ಬಿಸಿನೀರಿಗೆ ಜೀರಿಗೆ ಹಾಕಿ ಕುಡಿಯಿರಿ. ಹತ್ತು ಜನಕ್ಕೆ ಕಳಿಸಿ. ಶುಭರಾತ್ರಿ.

ಮನೆ 3, ಕಾರ್ಯದರ್ಶಿ (ಬೆಳಿಗ್ಗೆ 6:10): ಸಂಘದ ಸಭೆಯಲ್ಲಿ ತೀರ್ಮಾನ ಆಗದೆ ಯಾರೂ ಏನೂ ಮುಟ್ಟಬಾರದು. ನಮ್ಮ ಅಳಿಯ ಸಾಫ್ಟ್‌ವೇರ್‌ನಲ್ಲಿದ್ದಾನೆ. ಎಂಟು ಆಂಟೆನಾ ಇರುವುದನ್ನೇ ತಗೊಳ್ಳಿ ಎನ್ನುತ್ತಾನೆ. ಲಿಸ್ಟ್ ನಾನೇ ಮಾಡುತ್ತೇನೆ.

ಮನೆ 6, ಮಹಡಿ: ಆಂಟೆನಾ ಎಣಿಸಬೇಡಿ ಅಂಕಲ್. ವೈಫೈ 6 ತಲೆಮಾರಿನದಾ, ಹಿಂದೆ ವೈರ್ ಚುಚ್ಚುವ ಪೋರ್ಟ್ ಗಿಗಾಬಿಟ್ (1000 ಎಂಬಿಪಿಎಸ್) ಇದೆಯಾ ನೋಡಿ. 100 ಎಂಬಿಪಿಎಸ್ ಪೋರ್ಟ್ ಇದ್ದರೆ 300ರ ಪ್ಲಾನ್ ಹಾಕಿಸಿಯೂ 100 ದಾಟಲ್ಲ.

ಮನೆ 3, ಕಾರ್ಯದರ್ಶಿ: ಬಾಡಿಗೆಗೆ ಇರುವವರು ಬಡಾವಣೆಯ ತೀರ್ಮಾನ ಹೇಳುವುದು ಬೇಡ.

ಮನೆ 12: ಕಾರ್ಯದರ್ಶಿಗಳೇ, ಇದು ಸರಿಯಲ್ಲ. ತಿಂಗಳ ವಂತಿಗೆ ಅವರೂ ಕೊಡುತ್ತಾರೆ. ಹೋದ ವರ್ಷ ಬೀದಿ ದೀಪಕ್ಕೆ ಓಡಾಡಿದ್ದು ಆ ಹುಡುಗನೇ.

ಮನೆ 3, ಕಾರ್ಯದರ್ಶಿ: ಬೀದಿ ದೀಪದ ಅರ್ಜಿ ಬರೆದದ್ದು ನಾನು. ಫೈಲ್ ತೋರಿಸಲಾ?

ಮನೆ 14: ದಯವಿಟ್ಟು ರೂಟರ್ ವಿಷಯಕ್ಕೆ ಬನ್ನಿ.

ಮನೆ 11: ಕಂಬದ ಮಾತು ಬಂತಲ್ಲ, ಈ ಫೋಟೊ ನೋಡಿ. 7ರ ಮುಂದಿನ ಹೊಂಗೆ ಮರದಿಂದ ಕೇಬಲ್ ಸುರುಳಿ ಜೋತುಬಿದ್ದಿದೆ. ಸ್ಕೂಟರ್‌ನಲ್ಲಿ ಹೋಗುವವರ ಕತ್ತಿಗೆ ಸಿಗುವ ಎತ್ತರ. ನಿನ್ನೆ ಹಾಲಿನ ಹುಡುಗ ಬಗ್ಗಿ ತಪ್ಪಿಸಿಕೊಂಡ.

ಮನೆ 9: ಅಯ್ಯೋ, ನಮ್ಮ ಮೊಮ್ಮಗು ಅಲ್ಲೇ ಸೈಕಲ್ ಹೊಡೆಯುತ್ತದೆ.

ಮನೆ 12: ಇದು ಮೊದಲು ಆಗಬೇಕು. ಮಳೆ ಬಂದರೆ ಕೊಂಬೆ ಸಮೇತ ಬೀಳುತ್ತದೆ. ಜೊತೆಗೆ ಕರೆಂಟ್ ತಂತಿಯೂ ಇದೆ, ಯಾರೂ ಕೈ ಹಾಕಬೇಡಿ.

ಮನೆ 3, ಕಾರ್ಯದರ್ಶಿ: ವಾರ್ಡ್ ಎಂಜಿನಿಯರ್‌ಗೂ ವಿದ್ಯುತ್ ಕಚೇರಿಗೂ ಅರ್ಜಿ ಇವತ್ತೇ ಬರೆಯುತ್ತೇನೆ. ಸಹಿಗೆ ಭಾನುವಾರ 8ಕ್ಕೆ ಮರದ ಹತ್ತಿರ ಬನ್ನಿ. 6ರ ಹುಡುಗ, ಫೋಟೊ ಪ್ರಿಂಟ್ ನೀನು ತಗೊಂಡು ಬಾಪ್ಪ.

ಮನೆ 6, ಮಹಡಿ: ಸರಿ ಅಂಕಲ್. ಕಲರ್ ಪ್ರಿಂಟೇ ತೆಗೆಸುತ್ತೇನೆ.