ಆಟಗಾರ ನಿಲ್ಲದ ತಂಡಕ್ಕೆ ಊರಿನವರ ಅಭಿಮಾನ ನಿಲ್ಲುವುದು ಹೇಗೆ?

ಪ್ರಶ್ನೆ – ಕುಮಟಾದ ನಿವೃತ್ತ ಮಾಸ್ತರ

ಎಲ್ಲರಿಗೂ ನಮಸ್ಕಾರ. ಮಗಳ ಸಂಸಾರ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಡರ್ಹಮ್‌ನಲ್ಲಿರುವುದರಿಂದ ಕಳೆದ ಬೇಸಿಗೆಯನ್ನು ನಾವಿಬ್ಬರೂ ಅಲ್ಲಿಯೇ ಕಳೆದೆವು. ಅಳಿಯಂದಿರಿಗೆ ಬೇಸ್‌ಬಾಲ್ ಹುಚ್ಚು ಇರುವುದರಿಂದ ಡರ್ಹಮ್ ಬುಲ್ಸ್ ಎಂಬ ಊರ ತಂಡದ ಪಂದ್ಯಗಳನ್ನು ನೋಡುವ ಯೋಗ ನನಗೂ ಬಂತು. ಇದು ಮೈನರ್ ಲೀಗ್‌ನ ತಂಡ. 1998ರಿಂದ ಫ್ಲಾರಿಡಾದ ಟ್ಯಾಂಪಾ ಬೇ ರೇಸ್ ಎಂಬ ದೊಡ್ಡ ತಂಡದ ಕೈಕೆಳಗಿದ್ದು, ಅಲ್ಲಿಗೆ ಆಟಗಾರರನ್ನು ತಯಾರು ಮಾಡಿ ಕಳಿಸುವುದೇ ಇದರ ಕೆಲಸ. ಚೆನ್ನಾಗಿ ಆಡಿದವನನ್ನು ಪಂದ್ಯಾವಳಿಯ ನಡುವೆಯೇ ಮೇಲಕ್ಕೆ ಕರೆಸಿಕೊಳ್ಳುತ್ತಾರೆ. ಅಂದರೆ ಡರ್ಹಮ್‌ನ ಜನ ಯಾರಿಗೆ ಹೆಚ್ಚು ಚಪ್ಪಾಳೆ ತಟ್ಟುತ್ತಾರೋ ಅವನೇ ಮೊದಲು ಅವರ ಕೈತಪ್ಪುತ್ತಾನೆ.

ಆದರೂ ಮೈದಾನ ತುಂಬಿತ್ತು. ಎಡಬದಿಯ ಎತ್ತರದ ಗೋಡೆಯ ಮೇಲೆ ದೊಡ್ಡದೊಂದು ಗೂಳಿಯ ಫಲಕವಿದ್ದು, ತವರು ತಂಡದವನು ಹೋಮ್ ರನ್ (ನಮ್ಮ ಕ್ರಿಕೆಟ್ಟಿನ ಸಿಕ್ಸರ್ ಇದ್ದಂತೆ) ಹೊಡೆದಾಗ ಅದರ ಕಣ್ಣು ಕೆಂಪಗೆ ಹೊಳೆದು, ಮೂಗಿನಿಂದ ಹೊಗೆ ಬರುತ್ತದೆ. ಹೊಡೆದ ಚೆಂಡು ಗೂಳಿಗೆ ತಾಗಿದರೆ ಆಟಗಾರನಿಗೆ ಮಾಂಸದೂಟ, ಗೂಳಿಯ ಕಾಲಡಿಯ ಹುಲ್ಲಿಗೆ ತಾಗಿದರೆ ಸಲಾಡ್ ಎಂದು ಅದರ ಮೇಲೆಯೇ ಬರೆದಿದ್ದಾರೆ. (ನಮ್ಮಂಥವರು ಹುಲ್ಲಿಗೇ ಗುರಿಯಿಡಬೇಕಾದೀತು.) ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಪ್ರತಿ ಎಸೆತವನ್ನೂ ಪೆನ್ಸಿಲ್ಲಿನಿಂದ ಅಂಕಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಅವರ ಮೆಚ್ಚಿನ ಆಟಗಾರ ಯಾರೆಂದು ಕೇಳಿದ್ದಕ್ಕೆ, ‘ಈ ವಾರ ಯಾರಿದ್ದಾರೋ ಅವರೇ’ ಎಂದು ನಕ್ಕರು.

ನಮ್ಮ ಯುವಕ ಮಂಡಳದ ಕಬಡ್ಡಿ ತಂಡದ ಗತಿ ನೋಡಿ. ಒಳ್ಳೆಯ ರೈಡರ್ ಒಬ್ಬ ಮಂಗಳೂರಿನ ಕಡೆಯ ತಂಡಕ್ಕೆ ಹೋದನೆಂದರೆ ಮರುವರ್ಷ ಚಂದಾ ಕೊಡುವವರೂ ಇಲ್ಲ, ನೋಡಲು ಬರುವವರೂ ಇಲ್ಲ. ಅಲ್ಲಿಯವರ ಅಭಿಮಾನ ಯಾವುದಕ್ಕೆ ಅಂಟಿಕೊಂಡಿದೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ಶಿರಸಿಯವ, ಸದ್ಯ ಒಹಾಯೊ

ಮಾಸ್ತರೇ, ತಾವು ಕೇಳಿದ್ದಕ್ಕೆ ಉತ್ತರ ಸಿಗಬೇಕಾದರೆ ಅಲ್ಲಿ ಯಾವ ಕೆಲಸ ಯಾರದ್ದು ಎಂಬುದನ್ನು ಮೊದಲು ನೋಡಬೇಕು. ಅಮೆರಿಕದ 30 ದೊಡ್ಡ ತಂಡಗಳಿಗೆ ತಲಾ 4ರಂತೆ ಒಟ್ಟು 120 ಊರ ತಂಡಗಳು ನಾಲ್ಕು ಹಂತಗಳಲ್ಲಿ ಆಡುತ್ತವೆ. ಡರ್ಹಮ್ ಇರುವುದು ಟ್ರಿಪಲ್ ಎ ಎಂಬ ಮೇಲಿನ ಹಂತದಲ್ಲಿ. ಆಟಗಾರರ, ತರಬೇತುದಾರರ ಸಂಬಳ ದೊಡ್ಡ ತಂಡದ್ದು. ಯಾರು ಆಡಬೇಕು, ಎಸೆಯುವವನು ಎಷ್ಟು ಚೆಂಡು ಎಸೆದ ಮೇಲೆ ಹೊರಗೆ ಬರಬೇಕು ಎಂಬುದನ್ನೂ ಅವರೇ ನಿರ್ಧರಿಸುತ್ತಾರೆ. ಹುಡುಗನ ತೋಳು ಉಳಿಯಬೇಕೆಂದು ಗೆಲ್ಲುವ ಪಂದ್ಯದ ನಡುವೆಯೇ ಅವನನ್ನು ಹೊರಗೆ ಕರೆಯುವುದು ಅಲ್ಲಿ ಮಾಮೂಲು. ಊರಿನ ಮಾಲೀಕನ ಕೈಯಲ್ಲಿ ಉಳಿಯುವುದು ಮೈದಾನ, ಟಿಕೆಟ್, ತಿಂಡಿ, ಮಕ್ಕಳ ಓಟ, ತಂಡದ ಹೆಸರು ಮತ್ತು ಲಾಂಛನ, ಇಷ್ಟೇ. ಹೀಗಾಗಿ ಆತ ಗೆಲುವನ್ನು ಮಾರಲಾರ, ಆಟಗಾರನನ್ನೂ ಮಾರಲಾರ. ಒಂದು ಸಂಜೆಯನ್ನು ಮಾರುತ್ತಾನೆ, ಅದನ್ನು ಬಹಳ ಚೆನ್ನಾಗಿ ಮಾರುತ್ತಾನೆ.

ಎರಡನೆಯದು ಒಡೆತನ. ನಾನಿರುವ ಕಡೆ ಟೊಲಿಡೊ ಮಡ್ ಹೆನ್ಸ್ ಎಂಬ ತಂಡವಿದೆ. ಅದು ಲ್ಯೂಕಸ್ ಕೌಂಟಿಯದು. ನಮ್ಮ ಜಿಲ್ಲಾ ಪಂಚಾಯತಿಯೇ ಒಂದು ತಂಡ ಇಟ್ಟುಕೊಂಡಿದೆ ಎಂದು ಭಾವಿಸಿಕೊಳ್ಳಿ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ತಂಡ ಕೈಬಿಟ್ಟುಹೋಗುವ ಸಂದರ್ಭ ಬಂದಾಗ, 1957ರಲ್ಲಿ ಊರಿನವರೇ ಷೇರು ಕೊಂಡು ಅದನ್ನು ಉಳಿಸಿಕೊಂಡರು. ಅಜ್ಜ ಕೊಂಡ ಷೇರು ಪತ್ರ ಮನೆಯಲ್ಲಿದ್ದರೆ ಈ ವರ್ಷ ಮೂರನೇ ಬೇಸ್‌ನಲ್ಲಿ ಯಾರು ನಿಂತಿದ್ದಾರೆ ಎಂಬುದು ಅಷ್ಟು ದೊಡ್ಡ ಮಾತಾಗುವುದಿಲ್ಲ.

ಇದೇ ರಾಚೆಸ್ಟರ್ ತಂಡ 1981ರ ಏಪ್ರಿಲ್ 18ರ ರಾತ್ರಿ ರೋಡ್ ಐಲೆಂಡ್‌ನ ಪಾಟಕೆಟ್‌ನಲ್ಲಿ ಆಡಿದ ಪಂದ್ಯದ ಬಗ್ಗೆ ತಾವು ಓದಬೇಕು. ಸಾಮಾನ್ಯವಾಗಿ 9 ಇನಿಂಗ್ಸ್‌ಗೆ (ಎರಡೂ ತಂಡಗಳಿಗೆ ಒಂದೊಂದು ಸರದಿ ಬ್ಯಾಟಿಂಗ್ ಆದರೆ ಒಂದು ಇನಿಂಗ್ಸ್) ಮುಗಿಯಬೇಕಾದ ಆಟ ಸಮಬಲದಲ್ಲೇ ಎಳೆಯುತ್ತ ಬೆಳಗಿನ ಜಾವ 4 ಗಂಟೆ ದಾಟಿ 32 ಇನಿಂಗ್ಸ್‌ವರೆಗೆ ನಡೆದು, ಕೊನೆಗೆ ನಿಲ್ಲಿಸಿದಾಗ ಆ ಚಳಿಯಲ್ಲಿ ಪ್ರೇಕ್ಷಕರ ಆಸನಗಳಲ್ಲಿ ಉಳಿದಿದ್ದವರು 19 ಮಂದಿ. ಉಳಿದ ಒಂದು ಇನಿಂಗ್ಸ್ ಜೂನ್ 23ರಂದು 18 ನಿಮಿಷಗಳಲ್ಲಿ ಮುಗಿದು ಪಾಟಕೆಟ್ 3-2ರಿಂದ ಗೆದ್ದಿತು. ಎರಡೂ ಕಡೆ ಆಡಿದವರಲ್ಲಿ ವೇಡ್ ಬಾಗ್ಸ್ ಮತ್ತು ಕ್ಯಾಲ್ ರಿಪ್ಕೆನ್ ಮುಂದೆ ಜಗತ್ಪ್ರಸಿದ್ಧರಾದರು. ಆದರೆ ಆ ರಾತ್ರಿ ಕುಳಿತಿದ್ದವರಿಗೆ ಅವರಿಬ್ಬರೂ ಹೆಸರಿಲ್ಲದ ಹುಡುಗರೇ.

ಉತ್ತರ – ಕಾರವಾರಿಗ

ಮೇಲಿನ ಉತ್ತರ ಸೊಗಸಾಗಿದೆ, ಆದರೆ ಕಥೆಯ ಉಳಿದರ್ಧವನ್ನೂ ಹೇಳಬೇಕು. ಆ 19 ಮಂದಿ ಕುಳಿತಿದ್ದ ಪಾಟಕೆಟ್‌ನಲ್ಲಿ ಇಂದು ಆ ತಂಡವೇ ಇಲ್ಲ. 2021ರಲ್ಲಿ ಅದು ಹೊಸ ಮೈದಾನವಿರುವ ವೂಸ್ಟರ್‌ಗೆ ಹೋಯಿತು. ಅದೇ ವರ್ಷ ದೊಡ್ಡ ಲೀಗ್‌ನವರು ಇಡೀ ವ್ಯವಸ್ಥೆಯನ್ನು ತಮ್ಮ ಹಿಡಿತಕ್ಕೆ ತೆಗೆದುಕೊಂಡು, 120 ತಂಡ ಸಾಕೆಂದು 40ಕ್ಕೂ ಹೆಚ್ಚು ಊರುಗಳನ್ನು ಹೊರಗಿಟ್ಟರು. ಅಲ್ಲಿಯ ಅಭಿಮಾನಿಗಳನ್ನು ಯಾರೂ ಕೇಳಲಿಲ್ಲ. ಆಟಗಾರರ ಪಾಡೂ ಬಹುಕಾಲ ಚೆನ್ನಾಗಿರಲಿಲ್ಲ. 2022ರಲ್ಲಿ ಅವರು ಸಂಘ ಕಟ್ಟಿಕೊಂಡ ಮೇಲೆ, 2023ರ ಒಪ್ಪಂದದಿಂದ ಟ್ರಿಪಲ್ ಎ ಆಟಗಾರನಿಗೆ ವರ್ಷಕ್ಕೆ ಕನಿಷ್ಠ 35,800 ಡಾಲರ್ ಎಂದಾಯಿತು.

ನಮ್ಮ ದೇಶದ ಇಬ್ಬರು ಭರ್ಜಿ ಎಸೆತಗಾರರು, ರಿಂಕು ಸಿಂಗ್ (ಕ್ರಿಕೆಟ್‌ನ ರಿಂಕು ಅಲ್ಲ) ಮತ್ತು ದಿನೇಶ್ ಪಟೇಲ್, 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ ಸೇರಿ ಇದೇ ಕೆಳಹಂತಗಳಲ್ಲಿ ಆಡಿದರು. ಇಬ್ಬರೂ ಮೇಲಿನ ಲೀಗ್ ತಲುಪಲಿಲ್ಲ. ಅಲ್ಲಿಗೆ ಬಂದವರಲ್ಲಿ ಹೆಚ್ಚಿನವರ ಹಣೆಬರಹ ಅದೇ. ಆದ್ದರಿಂದ ಅಲ್ಲಿಯದನ್ನು ಹಾಗೆಯೇ ಎತ್ತಿ ತಂದು ಕುಮಟಾದಲ್ಲಿ ನೆಡುವ ಮೊದಲು ಯೋಚಿಸಬೇಕು.

ಉತ್ತರ – ಹೊನ್ನಾವರದ ಪ್ರೇಕ್ಷಕ

ಮಾಸ್ತರೇ, ಇದಕ್ಕೆ ಅಮೆರಿಕದವರೆಗೆ ಹೋಗಬೇಕಿಲ್ಲ, ಯಕ್ಷಗಾನ ಮೇಳಗಳನ್ನೇ ನೋಡಿ. ತಿರುಗಾಟ ಮುಗಿದೊಡನೆ ಯಾವ ಭಾಗವತರು ಯಾವ ಮೇಳ ಬಿಟ್ಟರು, ಪ್ರಧಾನ ವೇಷಧಾರಿ ಎಲ್ಲಿ ಸೇರಿದರು ಎಂಬುದೇ ಮಳೆಗಾಲದ ಸುದ್ದಿ. ಟಿಕೆಟ್ಟಿನ ಮೇಳಗಳಲ್ಲಿ ನಾವು ಕಲಾವಿದರ ಬೆನ್ನು ಹಿಡಿದು ಹೋಗುತ್ತೇವೆ. ಅವರು ಬಿಟ್ಟರೆ ನಾವೂ ಬಿಟ್ಟೆವು. ಆದರೆ ನಮ್ಮ ಕಡೆಯ ಗುಂಡಬಾಳದ ದೇವಸ್ಥಾನದಲ್ಲಿ ಭಕ್ತರು ಹರಕೆಯಾಗಿ ಆಡಿಸುವ ಯಕ್ಷಗಾನ ಆಟಕ್ಕೆ ಹೋಗುವವರು ಇಂದು ಹನುಮಂತನ ವೇಷ ಯಾರದ್ದೆಂದು ವಿಚಾರಿಸಿ ಹೊರಡುವುದಿಲ್ಲ. ಅಲ್ಲಿ ಸ್ಥಳ ಗಟ್ಟಿ, ಆಟ ನಡೆದೇ ನಡೆಯುತ್ತದೆಂಬ ಭರವಸೆ ಗಟ್ಟಿ. ತಾವು ಡರ್ಹಮ್‌ನಲ್ಲಿ ಕಂಡದ್ದು ಈ ಎರಡನೆಯ ಬಗೆಯ ಪ್ರೇಕ್ಷಕರನ್ನು.

ನಮ್ಮ ಕಬಡ್ಡಿ ಮೊದಲನೆಯ ಬಗೆಗೆ ಸೇರಿದೆ. ಹೊನಲು ಬೆಳಕಿನ ಪಂದ್ಯಾವಳಿ ಎಂದು ಒಂದು ರಾತ್ರಿಗೆ ಮೂವತ್ತು ತಂಡ ಕರೆಸುತ್ತೇವೆ, ಬಹುಮಾನದ ಆಸೆಗೆ ಪ್ರತಿ ತಂಡವೂ ಹೊರಗಿನ ಅತಿಥಿ ಆಟಗಾರರನ್ನು ತುಂಬಿಕೊಂಡು ಬರುತ್ತದೆ, ಉದ್ಘಾಟನೆಯ ಭಾಷಣ ಹಾಗೂ ಶಾಲು ಹೊದಿಸುವ ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಅರ್ಧ ರಾತ್ರಿಯಾಗುತ್ತದೆ. ಊರ ತಂಡ ಎರಡನೇ ಸುತ್ತಿನಲ್ಲಿ ಸೋತರೆ ಊರಿನವರು ಅದನ್ನು ಮತ್ತೆ ನೋಡುವುದು ಮುಂದಿನ ವರ್ಷವೇ. ಹಾಗಿರುವಾಗ ತಂಡದ ಮೇಲೆ ಅಭಿಮಾನ ಬೆಳೆಯಲು ಎಡೆಯಾದರೂ ಎಲ್ಲಿದೆ?

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ – ಕುಮಟಾದ ನಿವೃತ್ತ ಮಾಸ್ತರ

ಮೂವರಿಗೂ ಕೃತಜ್ಞತೆಗಳು. ಹೊನ್ನಾವರದವರ ಮಾತು ನಾಟಿತು. ಸುತ್ತಲಿನ ಐದಾರು ಊರುಗಳ ಮಂಡಳಗಳು ಸೇರಿ, ಅತಿಥಿ ಆಟಗಾರರಿಲ್ಲದೆ, ಪ್ರತಿ ತಂಡವೂ ತನ್ನ ಊರಿನ ಅಂಗಳದಲ್ಲಿಯೇ ಕೆಲವು ಪಂದ್ಯಗಳನ್ನು ಆಡುವಂತೆ ಮಾಡಿದರೆ ಹೇಗೆ? ಅಲ್ಲಿ ಒಂದು ತಂಡ ತವರಿನಲ್ಲಿ ಎಷ್ಟು ಪಂದ್ಯ ಆಡುತ್ತದೆ?

ಉತ್ತರ – ಶಿರಸಿಯವ, ಸದ್ಯ ಒಹಾಯೊ

ಟ್ರಿಪಲ್ ಎ ಹಂತದಲ್ಲಿ ವರ್ಷಕ್ಕೆ 150 ಪಂದ್ಯ, ಅದರಲ್ಲಿ ಅರ್ಧ ತವರಿನಲ್ಲಿ. 2021ರಿಂದ ಸೋಮವಾರ ರಜೆಯಿಟ್ಟು, ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿಯೊಡನೆ ಆರು ಪಂದ್ಯ ಆಡಿಸುತ್ತಾರೆ. ಪ್ರಯಾಣದ ಖರ್ಚು ಉಳಿಯುತ್ತದೆ, ಎದುರಾಳಿಯ ಮುಖಪರಿಚಯವಾಗಿ ಮೂರನೇ ದಿನಕ್ಕೆ ಒಂದಿಷ್ಟು ಜಿದ್ದೂ ಹುಟ್ಟುತ್ತದೆ. ನಮ್ಮಲ್ಲಿ ಆರು ತಂಡಗಳಿದ್ದರೆ ಪ್ರತಿಯೊಬ್ಬರಿಗೂ ತವರಿನಲ್ಲಿ ಐದು ಪಂದ್ಯ ದಕ್ಕುತ್ತವೆ; ಮೊದಲ ವರ್ಷಕ್ಕೆ ಅಷ್ಟು ಸಾಕು. ಮೇಲಕ್ಕೆ ಹೋದ ಹುಡುಗನ ಹೆಸರನ್ನು ಅಂಗಳದ ಗೋಡೆಯ ಮೇಲೆ ಬರೆಯಿಸಿ. ಅವನು ಹೋದದ್ದು ಊರಿಗೆ ನಷ್ಟವೆನ್ನುವ ಭಾವನೆ ಅಲ್ಲಿಯವರಿಗೆ ಬಾರದಿರಲು ಅಂಥ ಪಟ್ಟಿಗಳೂ ಒಂದು ಕಾರಣ.

ಉತ್ತರ – ಕಾರವಾರಿಗ

ಇದಕ್ಕೆ ನನ್ನ ಆಕ್ಷೇಪವಿಲ್ಲ. ದಿನ ಗೊತ್ತು ಮಾಡುವಾಗ ಮಾತ್ರ ಎಚ್ಚರವಿರಲಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಅಂಗಳದಲ್ಲಿ ಕೆಸರು, ಮಾರ್ಚ್‌ನಲ್ಲಿ ಪರೀಕ್ಷೆ, ನಡುವೆ ಜಾತ್ರೆಗಳು. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಭಾನುವಾರ ಸಂಜೆ 4 ಗಂಟೆಗೆ ಇಟ್ಟುಕೊಂಡರೆ ರಾತ್ರಿಯ ಯಕ್ಷಗಾನಕ್ಕೂ ಅಡ್ಡಿಯಾಗುವುದಿಲ್ಲ, ದೀಪದ ಬಾಡಿಗೆಯೂ ಉಳಿಯುತ್ತದೆ.