ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರಲ್ಲ: ಮೊದಲ ಗೇಮಿಂಗ್ ಪಿಸಿ, ಕೈಕೊಟ್ಟಿದೆ [ಬಗೆಹರಿದಿದೆ]

ಕಬ್ಬಿನಗದ್ದೆ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಬಿಡಿಭಾಗ ತಂದು ನಾನೇ ಪಿಸಿ ಜೋಡಿಸಿದ್ದು ಇದೇ ಮೊದಲು. ನಿನ್ನೆ ಮಧ್ಯಾಹ್ನ ಊಟ ಮಾಡಿ ಕೂತವನು ರಾತ್ರಿ ಹನ್ನೊಂದಕ್ಕೆ ಬಟನ್ ಒತ್ತಿದೆ. ಫ್ಯಾನ್‌ಗಳೆಲ್ಲ ತಿರುಗಿದವು, ಕ್ಯಾಬಿನೆಟ್ ಲೈಟೂ ಬಂತು. ಮಾನಿಟರ್‌ನಲ್ಲಿ ಮಾತ್ರ ‘ನೋ ಸಿಗ್ನಲ್’.

ಹಾಕಿರುವುದು: ರೈಜೆನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್, 550 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಅರ್ಧ ಆನ್‌ಲೈನ್, ಇನ್ನರ್ಧ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ತಗೊಂಡಿದ್ದು. ಬೋರ್ಡ್ ಮಾತ್ರ ‘ಹಳೇ ಸ್ಟಾಕು, ಸೀಲ್ ಒಡೆದಿಲ್ಲ’ ಅಂತ ಸ್ವಲ್ಪ ಕಡಿಮೆಗೆ ಕೊಟ್ಟರು.

‘ರೆಡಿ ಇರೋದೇ ತಗೋಬಾರದಿತ್ತಾ’ ಅಂತ ಅಪ್ಪ ಬೆಳಗ್ಗೆಯಿಂದ ನಾಲ್ಕು ಸಲ ಕೇಳಿದ್ದಾರೆ.

ಸ್ಕ್ರೂಡ್ರೈವರ್, ಮೈಸೂರು

ಬೇಜಾರು ಮಾಡಿಕೊಳ್ಳಬೇಡಿ, ಮೊದಲು ಇದನ್ನೇ ಕೇಳಬೇಕು: ಎಚ್‌ಡಿಎಂಐ ವೈರ್ ಎಲ್ಲಿ ಚುಚ್ಚಿದ್ದೀರಿ? 5600ರ ಒಳಗೆ ಗ್ರಾಫಿಕ್ಸ್ ಇಲ್ಲ. ಅದು ಇರುವುದು 5600ಜಿಯಲ್ಲಿ. ಬೋರ್ಡಿನ ಎಚ್‌ಡಿಎಂಐಗೆ ಹಾಕಿದ್ದರೆ ಜನ್ಮದಲ್ಲಿ ಏನೂ ಬರಲ್ಲ, ಕೆಳಗೆ ಕಾರ್ಡಿನ ಪೋರ್ಟಿಗೇ ಹಾಕಬೇಕು. ಹಾಗೇ ಬೋರ್ಡಿನ ಮೇಲ್ಗಡೆ ಮೂಲೆಯಲ್ಲಿ ಪ್ರೊಸೆಸರ್‌ಗೆ ಕೊಡುವ 8 ಪಿನ್ ಪವರ್ ಇದೆಯಲ್ಲ, ಅದನ್ನೂ ನೋಡಿ. ಕೂಲರ್ ಹಿಂದೆ ಅವಿತುಕೊಂಡಿರುತ್ತೆ, ಎಷ್ಟೋ ಜನ ಮರೆಯುತ್ತಾರೆ.

ಕಬ್ಬಿನಗದ್ದೆ

ವೈರ್ ಕಾರ್ಡಿಗೇ ಹಾಕಿದ್ದೇನೆ ಸರ್. 8 ಪಿನ್ ಕೂಡ ಇದೆ. ಅದಕ್ಕೆ ಕೈ ತೂರಿಸಲು ಹೋಗಿ ಬೆರಳು ಕೆತ್ತಿಕೊಂಡಿದ್ದೇನೆ, ಮರೆಯೋ ಮಾತೇ ಇಲ್ಲ.

ಚಾಮುಂಡಿಮೆಟ್ಟಿಲು

ರ‍್ಯಾಮ್ ಇರಬೇಕು ಗುರು. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕು. ‘ಟಕ್’ ಅಂತ ಸದ್ದು ಬರುವ ತನಕ ಒತ್ತು. ಬೋರ್ಡ್ ಮುರಿದೇ ಹೋಯ್ತೇನೋ ಅನ್ನಿಸುತ್ತೆ, ಮುರಿಯಲ್ಲ. ಆಗಲೂ ಬರದಿದ್ದರೆ ಒಂದೇ ರ‍್ಯಾಮ್ ಇಟ್ಟು ನೋಡು.

ಕಬ್ಬಿನಗದ್ದೆ

ಎರಡು–ನಾಲ್ಕಕ್ಕೆ ಹಾಕಿದೆ. ಒಂದೊಂದೇ ಹಾಕಿದೆ. ಬೋರ್ಡಿನ ಗುಂಡು ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಟ್ಟೂ ನೋಡಿದೆ. ಅದೇ ಕಥೆ. ಪ್ರೊಸೆಸರ್ ಪಿನ್ ಬಗ್ಗಿರಬಹುದಾ? ಕೂಲರ್ ಕಿತ್ತು ನೋಡಲಾ?

ಸ್ಕ್ರೂಡ್ರೈವರ್

ತಡೆಯಿರಿ, ತಡೆಯಿರಿ! ನಿಮ್ಮ ಬೋರ್ಡಿನಂಥ ಎಎಂ4 ಬಗೆಯಲ್ಲಿ ಪಿನ್‌ಗಳಿರುವುದು ಬೋರ್ಡಿನಲ್ಲಲ್ಲ, ಪ್ರೊಸೆಸರ್‌ನಲ್ಲೇ. ಪ್ರೊಸೆಸರ್ ಕೂರುವ ಸಾಕೆಟ್‌ನಲ್ಲಿ 1331 ತೂತು. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪೇಸ್ಟ್ ಅಂಟಿಕೊಂಡು ಪ್ರೊಸೆಸರ್ ಲಾಕ್ ಸಮೇತ ಕಿತ್ತು ಬರುತ್ತೆ. ಆಗ ನಿಜವಾಗಲೂ ಪಿನ್ ಬಗ್ಗುತ್ತವೆ. ತೆಗೆಯಲೇಬೇಕು ಅಂದರೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ, ಅಂಟು ಬಿಟ್ಟ ಮೇಲೆ ಎತ್ತಬೇಕು. ಈಗ ಅದರ ತಂಟೆಗೇ ಹೋಗಬೇಡಿ.

ಬೋರ್ಡಿನ ಅಂಚಿನಲ್ಲಿ ನಾಲ್ಕು ಸಣ್ಣ ದೀಪ ಇದ್ದಾವಾ? ಪಕ್ಕದಲ್ಲಿ ಸಿಪಿಯು (ಅಂದರೆ ಪ್ರೊಸೆಸರ್), ಡ್ರ್ಯಾಮ್, ವಿಜಿಎ, ಬೂಟ್ ಅಂತ ಬರೆದಿರುತ್ತೆ. ಕೋಣೆಯ ಲೈಟ್ ಆರಿಸಿ ನೋಡಿ, ಯಾವುದು ಆರದೆ ಉರೀತಿದೆ? ತೊಂದರೆ ಅಲ್ಲೇ.

ಕಬ್ಬಿನಗದ್ದೆ

ಸಿಪಿಯು! ಕೆಂಪಗೆ ಉರೀತಾನೇ ಇದೆ. ಇಷ್ಟು ಹೊತ್ತೂ ಅದನ್ನ ಅಲಂಕಾರದ ಲೈಟ್ ಅಂದುಕೊಂಡಿದ್ದೆ.

ಸ್ಕ್ರೂಡ್ರೈವರ್

ಹಾಗಾದರೆ ‘ಹಳೇ ಸ್ಟಾಕು’ ಅಂದಿರಲ್ಲ, ಕಳ್ಳ ಅಲ್ಲೇ ಇದ್ದಾನೆ ಅನ್ನಿಸುತ್ತೆ. ಬಿ450 ಬಂದಿದ್ದು 2018ರಲ್ಲಿ, 5600 ಬಂದಿದ್ದು 2022ರ ಏಪ್ರಿಲ್‌ನಲ್ಲಿ. ಬೋರ್ಡ್ ಡಬ್ಬಿ ಸೇರಿದ ದಿನದ ಬಯೋಸ್ (ಪಿಸಿ ಶುರುವಾಗುವಾಗ ಮೊದಲು ಓಡುವ ಬೋರ್ಡಿನ ಸಾಫ್ಟ್‌ವೇರ್) ಒಳಗೆ ಹಾಗೇ ಕೂತಿದ್ದರೆ ಅದಕ್ಕೆ ಈ ಪ್ರೊಸೆಸರ್‌ನ ಗುರುತೇ ಸಿಗಲ್ಲ. ಸಾಕೆಟ್ ಒಂದೇ, ಕೂರುತ್ತೆ, ಫ್ಯಾನೂ ತಿರುಗುತ್ತೆ. ಕೆಲಸ ಮಾಡಲ್ಲ ಅಷ್ಟೇ. ಡಬ್ಬಿ ಮೇಲೆ ‘ರೈಜೆನ್ 5000 ರೆಡಿ’ ಅಂತ ಸ್ಟಿಕ್ಕರ್ ಇದೆಯಾ?

ಕಬ್ಬಿನಗದ್ದೆ

3000 ಅಂತ ಇದೆ, 5000 ಇಲ್ಲ. ವಾಪಸ್ ಕೊಡಬೇಕಾ? ಅಂಗಡಿಯವರಿಗೆ ಫೋನ್ ಮಾಡಿದರೆ ‘ಜೋಡಿಸಿದ ಮೇಲೆ ತಗೊಳಲ್ಲ’ ಅಂತಾರೆ.

ಸ್ಕ್ರೂಡ್ರೈವರ್

ಮಾರುವಾಗ ಯಾವ ಪ್ರೊಸೆಸರ್ ಹಾಕ್ತೀರಿ ಅಂತ ಒಂದು ಮಾತು ಕೇಳಬೇಕಿತ್ತು ಅವರು. ಇರಲಿ. ಬೋರ್ಡಿನ ಹಿಂದೆ, ಯುಎಸ್‌ಬಿ ಪೋರ್ಟ್‌ಗಳ ಹತ್ತಿರ ‘ಫ್ಲ್ಯಾಶ್ ಬಯೋಸ್’ ಅಂತ ಚಿಕ್ಕ ಬಟನ್ ಇದ್ದರೆ ನೀವು ಬಚಾವ್. ಬೋರ್ಡ್ ಕಂಪನಿಯ ಸೈಟಿನಿಂದ, ನಿಮ್ಮದೇ ಮಾಡೆಲ್ಲಿನ ಹೊಸ ಬಯೋಸ್ ಇಳಿಸಿಕೊಳ್ಳಿ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಹೆಸರನ್ನೇ ಫೈಲಿಗೆ ಇಡಿ, ಒಂದಕ್ಷರ ತಪ್ಪಿದರೂ ಓದಲ್ಲ. ಪೆನ್ ಡ್ರೈವಿಗೆ ಹಾಕಿ, ಅದಕ್ಕೆಂದೇ ಗುರುತು ಮಾಡಿರುವ ಪೋರ್ಟಿಗೆ ಚುಚ್ಚಿ, ಎಸ್‌ಎಂಪಿಎಸ್ ಸ್ವಿಚ್ ಆನ್ ಇಟ್ಟು ಆ ಬಟನ್ ಒತ್ತಿ.

ಆ ಬಟನ್ ಇಲ್ಲದಿದ್ದರೆ ಬೋರ್ಡ್ ಹಿಡಿದುಕೊಂಡು ಮೈಸೂರಿನ ರೈಲು ಹತ್ತಿ. ನನ್ನ ಹತ್ತಿರ ಹಳೇ 2200ಜಿ ಪ್ರೊಸೆಸರ್ ಇದೆ. ಅದನ್ನು ಕೂರಿಸಿ ಬಯೋಸ್ ಏರಿಸಿಕೊಡ್ತೀನಿ.

ಕಬ್ಬಿನಗದ್ದೆ

ಬಟನ್ ಇದೆ! ಒತ್ತಿದೆ. ಪಕ್ಕದ ದೀಪ ಮೂರು ಸಲ ಮಿಟುಕಿ ನಿಂತುಹೋಯಿತು. ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಫೈಲ್ ಹೆಸರು ಎರಡು ಸಲ ನೋಡಿದ್ದೇನೆ, ಸರಿ ಇದೆ. ಪೆನ್ ಡ್ರೈವ್ 64 ಜಿಬಿದು, ಹೊಸದು.

ಚಾಮುಂಡಿಮೆಟ್ಟಿಲು

64 ಜಿಬಿ ಆದರೆ ಅದರ ಫಾರ್ಮ್ಯಾಟ್ (ಫೈಲ್ ಜೋಡಿಸಿಡುವ ಬಗೆ) ಬಹುಶಃ ಎಕ್ಸ್‌ಫ್ಯಾಟ್ ಇರುತ್ತೆ. ಬಯೋಸಿಗೆ ಫ್ಯಾಟ್32 ಬೇಕು. ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಸಾಮಾನ್ಯವಾಗಿ ಕಾಣಿಸೋದೇ ಇಲ್ಲ. ಮನೇಲಿ 4, 8 ಜಿಬಿಯ ಹಳೇದು ಬಿದ್ದಿದ್ದರೆ ಹುಡುಕು.

ಕಬ್ಬಿನಗದ್ದೆ

ಟ್ರ್ಯಾಕ್ಟರ್‌ನಲ್ಲಿ ಅಪ್ಪ ಹಾಡು ಕೇಳುವ 8 ಜಿಬಿ ಇದೆ. ಒಂದು ಅನುಮಾನ: ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತೇ ಹೋಗುತ್ತಾ? ನಮ್ಮ ಕಡೆ ನಂಬೋ ಹಾಗಿಲ್ಲ.

ಸ್ಕ್ರೂಡ್ರೈವರ್

ಬಟನ್ ಇರುವ ಬೋರ್ಡಿಗೆ ಅಷ್ಟು ಭಯ ಬೇಡ. ಅರ್ಧಕ್ಕೆ ನಿಂತರೆ ಮತ್ತೆ ಅದೇ ಬಟನ್ ಒತ್ತಿ ಮೊದಲಿಂದ ಹಾಕಬಹುದು. ಆದರೂ ಮೋಡ ಕವಿದಿದ್ದರೆ ಕಾಯಿರಿ.

ಕಬ್ಬಿನಗದ್ದೆ

ಬಂತು!!! ದೀಪ ಐದಾರು ನಿಮಿಷ ಮಿಟುಕಿತು, ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಆಮೇಲೆ ಬಟನ್ ಒತ್ತಿದರೆ ಸ್ಕ್ರೀನ್ ಮೇಲೆ ಬಯೋಸ್! ರ‍್ಯಾಮ್ ವೇಗ ಮಾತ್ರ 2400 ತೋರಿಸ್ತಿದೆ, ತಗೊಂಡಿದ್ದು 3200.

ಇನ್ನೊಂದು. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ. ಇದೂ ಮಾಮೂಲಾ?

ಸ್ಕ್ರೂಡ್ರೈವರ್

ರ‍್ಯಾಮ್ ಸುಲಭ, ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಅದರ ಪೂರ್ತಿ ವೇಗ ಕೊಡುವ ಸೆಟ್ಟಿಂಗ್) ಆನ್ ಮಾಡಿ.

ಜುಮ್ ಅನ್ನೋದನ್ನ ಮಾತ್ರ ಮಾಮೂಲು ಅಂತ ಬಿಡಬೇಡಿ. ಅರ್ತ್ ಇಲ್ಲ ಅಂತ ಕಾಣುತ್ತೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಒಂಚೂರು ಕರೆಂಟ್ ಯಾವಾಗಲೂ ಕ್ಯಾಬಿನೆಟ್ಟಿಗೆ ಬರುತ್ತೆ. ಅದು ಅರ್ತ್ ವೈರಿನಲ್ಲಿ ಇಳಿದು ಹೋಗಬೇಕು. ದಾರಿ ಇಲ್ಲದಿದ್ದರೆ ನಿಮ್ಮ ಕೈ ಹುಡುಕುತ್ತೆ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೇಲಿನ ತೂತಿಗೆ ವೈರೇ ಇರಲ್ಲ. ಎಲೆಕ್ಟ್ರಿಷಿಯನ್‌ಗೆ ಮೀಟರ್ ತರಲು ಹೇಳಿ. ಫೇಸ್–ಅರ್ತ್ ನಡುವೆ ಸುಮಾರು 230 ವೋಲ್ಟ್, ನ್ಯೂಟ್ರಲ್–ಅರ್ತ್ ನಡುವೆ ಹೆಚ್ಚುಕಮ್ಮಿ ಸೊನ್ನೆ ಬರಬೇಕು. ಅಲ್ಲಿಯವರೆಗೆ ಚಪ್ಪಲಿ ಹಾಕಿಕೊಂಡರೆ ಸಾಕು ಅನ್ನಬೇಡಿ, ಪ್ಲಗ್ ಕಿತ್ತಿಡಿ.

ಕಬ್ಬಿನಗದ್ದೆ

ಎರಡು ದಿನ ಬಿಟ್ಟು ಬರೀತಿದ್ದೇನೆ. ನೀವು ಹೇಳಿದ್ದೇ ನಿಜ. ಸಾಕೆಟ್ ಬಿಚ್ಚಿದರೆ ಅರ್ತ್ ವೈರನ್ನು ಗೋಡೆಯೊಳಗೆ ಸುತ್ತಿ ಸುಮ್ನೆ ಬಿಟ್ಟಿದ್ದರು. ಈಗ ಜೋಡಿಸಿದ್ದಾರೆ, ಜುಮ್ ಇಲ್ಲ. ರ‍್ಯಾಮ್ 3200. ಇಬ್ಬರಿಗೂ ದೊಡ್ಡ ಥ್ಯಾಂಕ್ಸ್.

ಗೇಮ್ ಇನ್ನೂ ಆಡಿಲ್ಲ. ಅವಸರದಲ್ಲಿ ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡುವಾಗ ಅಪ್ಪನ ಹಾಡು ಉಳಿಸಿಕೊಳ್ಳೋದೇ ಮರೆತಿದ್ದೆ. ಬೆಳಗ್ಗೆ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದಾಗ ಗೊತ್ತಾಯಿತು ಅವರಿಗೆ. ಈಗ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ಒಂದೊಂದೇ ಹಾಡು ಹೇಳ್ತಿದ್ದಾರೆ, ನಾನು ಹುಡುಕಿ ಹಾಕ್ತಿದ್ದೇನೆ. ಮೂವತ್ತೆರಡಾಗಿದೆ.