ಸಹಾಯ ಬೇಕು: ನಂಬಿಕೆ ಬಿಟ್ಟವನು ಮರಳಿ ಬರಬಹುದೇ?

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ನನ್ನ ತಮ್ಮ ದೀಕ್ಷಾಸ್ನಾನ ಪಡೆದವನು, ಯುವಜನರ ಪ್ರಾರ್ಥನಾ ಕೂಟ ನಡೆಸುತ್ತಿದ್ದವನು. ಈಗ ಯೇಸುವಿನಲ್ಲಿ ನಂಬಿಕೆಯೇ ಇಲ್ಲ ಎನ್ನುತ್ತಾನೆ. ಅವನ ರಕ್ಷಣೆಯ ಗತಿಯೇನು ಎಂದು ಅಮ್ಮ ದಿನವೂ ಕೇಳುತ್ತಾರೆ. ನನ್ನಲ್ಲಿ ಉತ್ತರವಿಲ್ಲ.

ಸಭಾಪಾಲಕರನ್ನು ಕೇಳಿದೆ. ಕರ್ತನ ಕೈಯಿಂದ ಕುರಿಗಳನ್ನು ಯಾರೂ ಕಸಿದುಕೊಳ್ಳಲಾರರು ಎಂದು ಬೈಬಲಿನ ಯೋಹಾನ 10:28 ತೋರಿಸಿದರು. ಬಿಟ್ಟುಹೋದವನು ಮೊದಲಿನಿಂದಲೂ ನಮ್ಮವನಾಗಿರಲಿಲ್ಲ, 1 ಯೋಹಾನ 2:19 ಓದು ಎಂದರು. ನನ್ನ ತಮ್ಮ ಕಣ್ಣೀರಿಟ್ಟು ಪ್ರಾರ್ಥಿಸಿದ್ದನ್ನು ಪಕ್ಕದಲ್ಲೇ ಕೇಳಿದವಳು ನಾನು. ಅದೆಲ್ಲ ಸುಳ್ಳಾಗಿತ್ತು ಎಂದು ಹೇಗೆ ಒಪ್ಪಲಿ? ಮೆಥಡಿಸ್ಟ್ ಸಭೆಯ ಚಿಕ್ಕಪ್ಪ, ಆ ಪಂಥವನ್ನು ಆರಂಭಿಸಿದ ಜಾನ್ ವೆಸ್ಲಿಯವರ ಬೋಧನೆಯನ್ನು ಹಿಡಿದವರು. ನಿಜ ವಿಶ್ವಾಸಿಯೂ ಬಿದ್ದುಹೋಗಬಹುದು ಎಂದು ಇಬ್ರಿಯರಿಗೆ 6:4-6 ಓದಿಸಿದರು. 1618-19ರಲ್ಲಿ ನೆದರ್ಲೆಂಡ್ಸ್‌ನಲ್ಲಿ ನಡೆದ ಡಾರ್ಟ್ ಸಿನೊಡ್ ಎಂಬ ಸಭಾ ಸಮ್ಮೇಳನದಲ್ಲೇ, ನಿಜ ವಿಶ್ವಾಸಿ ಬಿದ್ದುಹೋಗಲಾರ ಎನ್ನುವ ಕ್ಯಾಲ್ವಿನ್ ಅನುಯಾಯಿಗಳು ಮತ್ತು ಬಿದ್ದುಹೋಗಬಹುದು ಎನ್ನುವ ಅರ್ಮಿನಿಯಸ್ ಅನುಯಾಯಿಗಳ ನಡುವೆ ಈ ವಿಷಯ ಚರ್ಚೆಗೆ ಬಂದಿತ್ತು ಎಂದು ಓದಿದೆ. ಅಂದರೆ ಇದು ನಮ್ಮ ಮನೆಯ ಗೊಂದಲ ಮಾತ್ರವಲ್ಲ.

ನಾನು ಸಿಕ್ಕಿಕೊಂಡಿರುವುದು ಇಲ್ಲಿ. ಚಿಕ್ಕಪ್ಪನ ಮಾತು ಮನಸ್ಸಿಗೆ ಹತ್ತಿರವಾಗಿದೆ. ಆದರೆ ಅದೇ ಇಬ್ರಿಯರ ವಚನ, ಹಾಗೆ ಬಿದ್ದವರನ್ನು ತಿರುಗಿ ಮಾನಸಾಂತರಕ್ಕೆ (ಪಶ್ಚಾತ್ತಾಪಪಟ್ಟು ದೇವರ ಕಡೆಗೆ ತಿರುಗುವುದಕ್ಕೆ) ತರುವುದು ಅಸಾಧ್ಯವೆನ್ನುತ್ತದೆ. ಯಾಕೋಬ 5:19-20 ನೋಡಿದರೆ, ಸತ್ಯದಿಂದ ತಪ್ಪಿಹೋದವನನ್ನು ಮರಳಿ ತರಲು ಹೇಳುತ್ತದೆ. ಯೇಸುವನ್ನು ಅರಿಯೆನೆಂದು ಮೂರು ಸಲ ಅಲ್ಲಗಳೆದ ಶಿಷ್ಯ ಪೇತ್ರನನ್ನೂ ಕರ್ತನು ಕೈಬಿಡಲಿಲ್ಲ.

ದೇವಶಾಸ್ತ್ರ ಓದಿದ ಸಹೋದರ ಸಹೋದರಿಯರೇ, ಇಬ್ರಿಯರಿಗೆ 6ರ ಆ ‘ಅಸಾಧ್ಯ’ ನನ್ನ ತಮ್ಮನಂಥವರಿಗೂ ಅನ್ವಯಿಸುತ್ತದೆಯೇ? ಇಲ್ಲವಾದರೆ, ಯಾವ ವಚನದ ಆಧಾರದಿಂದ ಹಾಗೆ ಹೇಳುತ್ತೀರಿ?